ಪಾವ್ ಸುತ್ತು

ಯಾವ್ಯಾವ ಫಂಕ್ಷನ್ ಕಂಪೈಲ್ ಆಗುತ್ತವೆ?
ಕೈಪಿಡಿಯಲ್ಲಿ ಪಟ್ಟಿ ಸಿಗಲಿಲ್ಲ.
ಹಂಚಿನಾಳ ಸರ್ ಚಾಳೀಸು ಒರೆಸಿಕೊಳ್ಳುತ್ತ ಅಂದರು:
"ಒಂದೊಂದ ಒಳಗ ಹಾಕಿ ನೋಡು.
ಆಗದ್ದು ಆಗೂದಿಲ್ಲ ಅಂತ ಹೇಳೂದಿಲ್ಲ,
ಸುಮ್ನ ತಡಾ ಮಾಡತೈತಿ."

ಹಾಕಿ ನೋಡಿದೆ.
ವಿದ್ಯಾನಗರದ ಲ್ಯಾಬು, ಮೂರನೇ ಸಾಲು,
ಫ್ಯಾನು ಕಿರುಗುಡುವ ಕಂಪ್ಯೂಟರು,
ಅದರೊಳಗೆ ಹಳೇ ಹುಬ್ಬಳ್ಳಿಯ ನೀರಿನ ಲೆಕ್ಕ.

ಕೂಡುವುದು, ಗುಣಿಸುವುದು ಮಾತಾಡದೆ ಹೋದವು.
ಸೈನ್ ಕೊಸೈನ್ ಅಕ್ಕತಂಗಿಯರಂತೆ ಕೈ ಹಿಡಿದು.
ವರ್ಗಮೂಲವೂ ಹೋಯಿತು,
ಋಣ ಸಂಖ್ಯೆ ಎದುರಾದಲ್ಲಿ ತುಸು ಅಳುಕಿ.
ಹೀಗಿದ್ದರೆ ಹಾಗೆ, ಇರುವತನಕ ತಿರುಗು,
ಅವೂ ಹೋದವು.
ಸಮೀಕರಣ ಬಿಡಿಸುವ ಫಂಕ್ಷನ್ ಮಾತ್ರ
ಹೊಸ್ತಿಲಲ್ಲೇ ನಿಂತಿತು,
ಕ್ಷ ಅಂದರೆ ಕ್ಷ ಎಂದೇ ಇಟ್ಟುಕೊಳ್ಳುವ ಹಠಮಾರಿ.
ಒಳಗೆ ಕ್ಷ-ಗೆ ಜಾಗವಿಲ್ಲ.
ಬಾಗಿಲಲ್ಲೇ ಕೇಳುತ್ತಾರೆ,
ಪೂರ್ಣಾಂಕವೋ ದಶಾಂಶವೋ, ಹೌದೋ ಅಲ್ಲವೋ?

ಸಾಲುಗಳೆಲ್ಲ ಒಂದೇ ಉದ್ದ ಇರಬೇಕಂತೆ.
ಇದನ್ನು ನಮ್ಮ ಓಣಿಗಳಿಗೆ ಯಾರು ಹೇಳಬೇಕು?
ಸಿಂಪಿಗೇರ ಓಣಿಗೆ ಇಪ್ಪತ್ತಮೂರು ನಳ,
ಅದರ ಬೆನ್ನಿಗಂಟಿದ ಸಂದಿಗೆ ಏಳೇ ಏಳು.
ಸಂದಿಯಲ್ಲಿ ಇಲ್ಲದ ಹದಿನಾರು ಮನೆ ಕಟ್ಟಿದೆ,
ಒಂದೊಂದಕ್ಕೂ ಸೊನ್ನೆ ನೀರು ಬಿಟ್ಟೆ.
ಪಾಪ, ಯಾರೂ ತಕರಾರು ಮಾಡಲಿಲ್ಲ.
ಇರುವ ಮನೆಗಳೂ ಎಂಟು ದಿನ ಸೊನ್ನೆಯೇ,
ಕೊಡ ಬ್ಯಾರಲ್ಲು ತುಂಬಿಟ್ಟುಕೊಂಡು.

ಆದರೂ ತಡ.
ಚಹಾ ಆರಿತು, ಕೆನೆ ಕಟ್ಟಿತು,
ಒಂದು ಸರದಿ ಮುಗಿಯಲಿಲ್ಲ.
ಕಂಪೈಲ್ ಆದದ್ದನ್ನು ಬಿಚ್ಚಿ ನೋಡಿದೆ.
ಯಂತ್ರದ ಸಾಲುಗಳು, ನೆಟ್ಟಗೆ, ಒಂದರ ಕೆಳಗೊಂದು:
ತಗೋ, ಕೂಡು, ಇಡು,
ತಗೋ, ಗುಣಿಸು, ಇಡು,
ಹೊರಗೆ ಹೋಗಿ ಕೇಳು.

ಲೂಪಿನ ಹೊಟ್ಟೆಯಲ್ಲಿ ಅದೊಂದು ಸಾಲು.
ಲಕ್ಷ ಸಲ ತಿರುಗಿದರೆ ಲಕ್ಷ ಸಲ ಹೊರಗೆ.

ಕಳ್ಳ ಸಿಕ್ಕಿತು. ವಾಲ್‌ನದು.
ನೀರು ಬಿಡುವ ದಾವಲಸಾಬ ಹೇಳಿದ್ದು ಮೂರೇ ಮಾತು:
ಮೂರು ಸುತ್ತಿಗೆ ಹನಿ,
ಏಳಕ್ಕೆ ಕಟ್ಟೆಯ ಮೇಲಿನ ಕೊಡ,
ಹನ್ನೆರಡಕ್ಕೆ ಮಾಳಿಗೆಯ ಟಾಕಿ.
ನಡುವಿನದನ್ನು ಊಹಿಸಲು
ನುಣುಪಾದ ಗೆರೆ ಎಳೆಯುವ ಫಂಕ್ಷನ್ ಇಟ್ಟಿದ್ದೆ.
ಬಲು ಚೆಂದದ್ದು.
ಕಂಪೈಲ್ ಆಗದ್ದು.

ನಾನೂ ಅದೇ ಮಾಡುತ್ತಿದ್ದೆನಲ್ಲ.
ಮಾಮಾ, ಐದು ಸುತ್ತಿಗೆ ಎಷ್ಟು? ಮಾಮಾ, ಆರೂವರೆಗೆ?
ಆತ ರಸ್ತೆಯ ನಡುವೆ, ಮೊಣಕಾಲಮಟ ಗುಂಡಿಯಲ್ಲಿ:
"ಯವ್ವಾ, ನಿನ್ನ ಫೋನ್ ಎತ್ತಾಕ ಕೀಲಿ ಕೆಳಗ ಇಡಬೇಕು,
ಇಟ್ರ ಅಲ್ಲಿ ಹೆಣ್ಮಕ್ಕಳು ಬೈತಾರ.
ಪಾವ್ ಸುತ್ತಿಗೊಂದರಂಗ ಒಮ್ಮೆ ಕೂತು ಬರಕೋ.
ಆಮ್ಯಾಲ ನನ್ನ ಕೇಳಬ್ಯಾಡ, ಹಾಳಿ ಕೇಳು."

ಐತವಾರ ಸಿಮೆಂಟ್ ಮುಚ್ಚಳದ ಮೇಲೆ ಕೂತೆವು.
ನಲವತ್ತೆಂಟು ಅಂಕಿ.
ಹತ್ತೊಂಬತ್ತನೆಯದಕ್ಕೆ ಆತ ತಡೆದ:
"ಇದು ಬ್ಯಾಸಗೀದೋ ಮಳಗಾಲದ್ದೋ?"
ಬ್ಯಾಸಗೀದು ಅಂದೆ. ತಲೆಯಾಡಿಸಿದ.

ಆ ರಾತ್ರಿ ಗೆರೆಯ ಫಂಕ್ಷನ್ನನ್ನು
ಲೂಪಿನಿಂದ ಎಬ್ಬಿಸಿ ಹೊರಗೆ ಕೂರಿಸಿದೆ.
ಹಾಳೆಯೊಂದೇ ಒಳಗೆ ಹೋಯಿತು.
ಇಷ್ಟನೆಯದು ಕೊಡು ಅಂದರೆ ಕೊಡುವುದು,
ಅಷ್ಟೇ ಅದರ ವಿದ್ಯೆ.
ಸರದಿ ಮುಗಿಯಿತು, ಕಪ್ಪು ತುಟಿಗೆ ಹೋಗುವ ಮೊದಲೇ.

ಲ್ಯಾಬಿನ ಕಪಾಟಿನ ಬಾಗಿಲಿಗೆ ನನ್ನ ಪಟ್ಟಿ ಅಂಟಿದೆ:
ಆಗುವವು ಎಡಕ್ಕೆ, ಆಗದವು ಬಲಕ್ಕೆ.
ಎಡದ ಕೊನೆಗೆ, ಇಕ್ಕಟ್ಟಿನಲ್ಲಿ,
ಮರೆತು ಸೇರಿಸಿದ್ದು:
ಪಟ್ಟಿಯಿಂದ ಎತ್ತಿಕೊಳ್ಳುವುದು.

ಮಳಗಾಲದ ಹಾಳೆ ಇನ್ನೂ ಖಾಲಿ.
ಬೇಸಿಗೆಯದರಲ್ಲಿ ಮೂವತ್ತೊಂದನೆಯ ಅಂಕಿಯನ್ನು
ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.
ಅಲ್ಲಿ ವಾಲ್‌ನ ಹಲ್ಲು ಸವೆದಿವೆಯಂತೆ.
"ಎಷ್ಟಂತ ಹೇಳಲಿ," ಅಂದಿದ್ದ ದಾವಲಸಾಬ,
ಗಾಳಿಯಲ್ಲಿ ಕೈ ತಿರುವುತ್ತ,
ತಿರುವುತ್ತ, ಒಂದೆಡೆ ತಟ್ಟನೆ ನಿಲ್ಲಿಸಿ:
"ಇಷ್ಟು."