ಮಹಜರು ಸಾಕ್ಷಿ, ನಂಬರ್ ಎರಡು

ಸಮನ್ಸು ಬಂತೆಂದು ಬೇಕರಿ ಮುಚ್ಚಿ ಕೂತಿದ್ದೀಯಂತೆ, ಹಂಸ.
ತೆರೆ. ಬನ್ನು ಏನು ತಪ್ಪು ಮಾಡಿದೆ?
ಕರೆದದ್ದು ನಿನ್ನ ಸಹಿಯನ್ನು, ನಿನ್ನನ್ನಲ್ಲ;
ಸಹಿಗೆ ನಡೆದು ಬರಲು ಕಾಲು ಬೇಕಲ್ಲ, ಅದಕ್ಕೆ ನೀನು.

ಗೋಣಿಕೊಪ್ಪದಲ್ಲಿ ಏಳೂಮುಕ್ಕಾಲಿನ ಬಸ್ಸು ಹಿಡಿ.
ಬಿಟ್ಟಂಗಾಲ ದಾಟುವಾಗ ಹೊಟ್ಟೆ ತೊಳಸುತ್ತದೆ,
ತಿರುವಿನಿಂದಲ್ಲ.
ವಿರಾಜಪೇಟೆಯಲ್ಲಿ ಇಳಿದವನೇ ಏನಾದರೂ ತಿನ್ನು.
ಹನ್ನೊಂದಕ್ಕೆ ಕರೆಯುತ್ತಾರೆ ಅಂದರೆ ಮೂರೂವರೆ,
ಇಲ್ಲವೇ ಮುಂದಿನ ತಿಂಗಳು ಹದಿನೇಳು.
ನನ್ನನ್ನು ನಾಲ್ಕು ಸಲ ವಾಪಸು ಕಳಿಸಿದರು:
ಒಮ್ಮೆ ವಕೀಲರ ಮಾವ ತೀರಿಕೊಂಡಿದ್ದರು,
ಒಮ್ಮೆ ಸಾಹೇಬರು ರಜೆ, ಒಮ್ಮೆ ಕರೆಂಟಿಲ್ಲ,
ಒಮ್ಮೆ ಏನೂ ಇಲ್ಲ, ಸುಮ್ಮನೆ.

ಹೊರಗಿನ ಬೆಂಚಿನಲ್ಲಿ ಆರೋಪಿಯೇ ನಿನ್ನ ಪಕ್ಕ ಕೂರಬಹುದು.
ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.
ನನ್ನ ಪಕ್ಕ ಮುತ್ತೆ ಕೂತಿದ್ದಳು, ಲೈನ್ ಮನೆಯ ಮುತ್ತೆ.
ಹಿಡಿದಾಗ ಬಸುರಿ. ಈಗ ಆ ಹುಡುಗಿಗೆ ಐದು ವರ್ಷ,
ನನ್ನ ಕೊಡೆಯ ಹಿಡಿ ತಿರುಗಿಸುತ್ತಾ ಆಡುತ್ತಿತ್ತು.
'ಟೈಮೆಷ್ಟು ಅಣ್ಣ?' ಅಂದಳು. ಹೇಳಿದೆ.
ನಮ್ಮಿಬ್ಬರ ನಡುವೆ ಮಾತು ಅಷ್ಟೇ.

ನಿನ್ನ ಹೆಸರನ್ನು ಮೂರು ಸಲ ಕೂಗುತ್ತಾರೆ,
ಅಪ್ಪನ ಹೆಸರು ಸೇರಿಸಿ, ಎರಡನ್ನೂ ಕೆಡಿಸಿ.
ಚಪ್ಪಲಿ ಬಿಡಬೇಕಿಲ್ಲ. ನಾನು ಬಿಟ್ಟೆ.
ತಣ್ಣಗಿತ್ತು ನೆಲ.
ಸತ್ಯವನ್ನೇ ಹೇಳುತ್ತೇನೆ ಅನ್ನಿಸುತ್ತಾರೆ.
ಅನ್ನುವುದು ಕಷ್ಟವಿಲ್ಲ.

ಆಮೇಲೆ ಮುದ್ದೆಮಾಲು ಬರುತ್ತದೆ.
ಅರಗಿನ ಮುದ್ರೆ, ಚೀಟಿ, ಚೀಟಿಯ ಮೇಲೆ ನನ್ನ ಅಕ್ಷರ,
ಒಂದು ಮೂಲೆಯನ್ನು ಹೆಗ್ಗಣ ತಿಂದಿತ್ತು.
'ಇದೇ ಚೀಲವಾ?' ಹೌದು.
'ನಿಮ್ಮ ಸಮಕ್ಷಮ ತೂಗಿದರಾ?'
ನಾನೇ ತೂಗಿದ್ದು. ಹತ್ತೊಂಬತ್ತು ಕೆಜಿ.
'ಕರಿಮೆಣಸೇ?' ಹೌದು.
ಟೈಪಿನವಳ ಬೆರಳು ನನ್ನ ಬಾಯಿಗಿಂತ ಒಂದು ಹೌದು ಮುಂದಿತ್ತು.

ಮೂವತ್ತೊಂದು ವರ್ಷ ಮಂಡಿಯಲ್ಲಿ ಮೆಣಸು ತೂಗಿದ ಕೈ ಇದು, ಹಂಸ.
ಕಣ್ಣು ಮುಚ್ಚಿ ಚೀಲಕ್ಕೆ ಕೈ ಇಳಿಸಿದರೆ ಗೊತ್ತಾಗುತ್ತದೆ,
ಏಣಿ ಹತ್ತಿ ಬಳ್ಳಿಯಿಂದ ಕಿತ್ತದ್ದು ಯಾವುದು,
ಕುಯ್ಲು ಮುಗಿದ ಮೇಲೆ ಮರದ ಬುಡದಲ್ಲಿ ಹೆಕ್ಕಿದ್ದು ಯಾವುದು.
ಆ ಚೀಲದಲ್ಲಿ ಮಣ್ಣಿತ್ತು. ಸಿಲ್ವರ್ ಮರದ ಎಲೆಯ ಪುಡಿಯಿತ್ತು,
ಹಕ್ಕಿ ತಿಂದು ಬಿಟ್ಟ ಬಿಳಿ ಕಾಳು, ಒಂದು ಬಳೆಚೂರು.
ಉದುರಿದ್ದು ಹೆಕ್ಕಿದವರಿಗೆ ಅಂತ
ಹಳೇ ಸಾಹುಕಾರರ ಕಾಲದ ಮಾತು. ಮಾತಿಗೆ ರಶೀದಿ ಎಲ್ಲಿಂದ ತರುವುದು?
ಕಳ್ಳ ಯಾವನೂ ಒಂದೊಂದೇ ಕಾಳು ಕದಿಯುವುದಿಲ್ಲ.

ಅದನ್ನು ಯಾರೂ ಕೇಳಲಿಲ್ಲ.
ಸರಕಾರಿ ವಕೀಲರಿಗೆ ಬೇಡ. ಅವಳ ಕಡೆಯ ವಕೀಲ
ಮುಂದಿನ ಕೇಸಿನ ಫೈಲಿನ ದಾರ ಬಿಚ್ಚುತ್ತಿದ್ದ ಹುಡುಗ.
'ಕೇಳಿದ್ದಕ್ಕೆ ಮಾತ್ರ ಉತ್ತರ' ಅಂತ
ಪೇದೆ ಮೊದಲೇ ಹೇಳಿದ್ದ, ಟೀ ಕೊಡಿಸಿ.

ಕಟಕಟೆಯಿಂದ ಒಂದು ಕಾಲು ಇಳಿಸಿದೆ.
ಇನ್ನೊಂದು ಮೇಲೇ ಇತ್ತು.
'ಸ್ವಾಮಿ, ಅದು ಹೆಕ್ಕಿದ ಮೆಣಸು' ಅಂದೆ.

ಫ್ಯಾನು ತಿರುಗುವುದು ಕೇಳಿಸಿತು.
ಆಮೇಲೆ ನನ್ನನ್ನು ಪ್ರತಿಕೂಲ ಸಾಕ್ಷಿ ಅಂದರು;
ಅಷ್ಟು ದೊಡ್ಡ ಮಾತು ನನ್ನ ಹೆಂಡತಿಯೂ ಅಂದವಳಲ್ಲ.
ಮತ್ತೆ ಹತ್ತಿಸಿ ಒಂದು ಗಂಟೆ ಸುಲಿದರು.
ಆ ತೋಟದವರು ನಮ್ಮ ಮಂಡಿಗೆ ಮೆಣಸು ಹಾಕುವುದು ಬಿಟ್ಟರು.
ಮುತ್ತೆಯ ತೀರ್ಪು ಇನ್ನೂ ಬಂದಿಲ್ಲ.

ನಿನ್ನದು ಯಾವ ಕೇಸೋ, ನಾನು ಕೇಳುವುದಿಲ್ಲ.
ನಿನ್ನ ಬಾಪ ಅರಬಿಯಲ್ಲಿ ಇಟ್ಟ ಹೆಸರು
ನಮ್ಮ ಬಾಯಲ್ಲಿ ಹಾಲು ನೀರು ಬೇರೆ ಮಾಡುವ ಹಕ್ಕಿಯಾಯಿತು.
ಅಲ್ಲಿ ಎರಡೂ ಒಂದೇ ಲೋಟದಲ್ಲಿ ಬರುತ್ತವೆ, ಅಷ್ಟು ತಿಳಿದಿರಲಿ.
ಬಸ್ಸಿನ ಟಿಕೆಟು ಇಟ್ಟುಕೋ, ಬತ್ತೆ ಕೇಳಿ ತಗೋ,
ನಾಚಿಕೆ ಬೇಡ, ಒಂದು ದಿನದ ಬನ್ನಿನ ಲೆಕ್ಕ ಅದು.
ಕೊಡೆ ಬೆಂಚಿನ ಮೇಲೆ ಮರೆಯಬೇಡ.
ನನ್ನದು ಆ ಹುಡುಗಿಯ ಕೈಯಲ್ಲೇ ಉಳಿಯಿತು.
ಮರೆತು ಬಂದೆ ಅಂತ ಮನೆಯಲ್ಲಿ ಹೇಳಿದ್ದೇನೆ.