ಮೊಗ್ಗಿನ ಲೆಕ್ಕ

ಕೆಲಸಕ್ಕೆ ಸೇರಿದ ದಿನ ಗಂಗುಲಮ್ಮ ಹೇಳಿಕೊಟ್ಟಳು:
ಊರು ಎಷ್ಟು ದೂರವೋ ಮೊಗ್ಗು ಅಷ್ಟು ಬಿಗಿ.
ಚಿಕ್ಕಬಳ್ಳಾಪುರದ ಮಂಡಿಗಾದರೆ ಎರಡು ಎಸಳು ಬಿಟ್ಟದ್ದೂ ನಡೆಯುತ್ತೆ,
ಹೈದರಾಬಾದಿಗೆ ಒಂದೇ ಒಂದು, ಅದೂ ತುಟಿ ಬಿಚ್ಚಿದಷ್ಟು;
ಸಿಂಗಾಪುರವೆಂದರೆ
ಎಳೆಕೂಸಿನ ಮುಷ್ಟಿ.

ನಸುಕಿನ ನಾಲ್ಕಕ್ಕೆ ಕತ್ತರಿ, ಆರಕ್ಕೆ ತಣ್ಣನೆಯ ಕೋಣೆ.
ಕೈಗವಸಿನೊಳಗೆ ಬೆರಳು ನನ್ನದೋ ಅಲ್ಲವೋ ಎನ್ನುವಾಗ
ಇಪ್ಪತ್ತರ ಕಟ್ಟು, ರಟ್ಟಿನ ಪೆಟ್ಟಿಗೆ, ಮೇಲೊಂದು ಚೀಟಿ.
ದೇವನಹಳ್ಳಿಗೆ ಮುಕ್ಕಾಲು ಗಂಟೆ ವ್ಯಾನು,
ಅಲ್ಲಿಂದ ಮೂರು ಸಾವಿರದ ಇನ್ನೂರು ಕಿಲೋಮೀಟರು,
ನಾಲ್ಕೂವರೆ ಗಂಟೆ. ಇನಾಯತ್ ಸಾಬರ ಕಾಗದದಲ್ಲಿ ಹಾಗಿದೆ.
"ಇಳಿದಾಗ ಮಾತ್ರ ಅಲ್ಲಿನ ಗಡಿಯಾರ
ಏಳು ಗಂಟೆ ಓಡಿರುತ್ತೆ ನೋಡಮ್ಮ."
ಹೆಚ್ಚಿನ ಎರಡೂವರೆ ಯಾರ ಪಾಲಾಯಿತು ಸಾಬರೇ?
ನಕ್ಕರು.
ನಮ್ಮ ಹಾಜರಿ ಪುಸ್ತಕದಲ್ಲಂತೂ ಇಲ್ಲ.

ಕತ್ತು ಸೊಟ್ಟಗಿದ್ದವಕ್ಕೆ ವಿಮಾನವಿಲ್ಲ.
ಅಂಥದೊಂದನ್ನು ಮುಡಿದು ಎರಡರ ಬಸ್ಸು ಹತ್ತಿದೆ,
ಪೇರೇಸಂದ್ರದ ದಾರಿ, ಕಿಟಕಿಯ ಕಬ್ಬಿಣ ಸುಡುವ ಬಿಸಿಲು.
ಇಷ್ಟೇ ಇಷ್ಟು ದೂರ; ಟೈರು ಬದಲಿಸಲು ನಿಂತದ್ದೂ,
ಕಂಡಕ್ಟರು ಚಿಲ್ಲರೆಗೆ ಜಗಳಾಡಿದ್ದೂ ಸೇರಿ
ಎರಡು ಗಂಟೆ.

ಇಳಿಯುವಾಗ ಹಿಂದಿನ ಸೀಟಿನ ಹುಡುಗಿ ಕೂಗಿದಳು:
"ಅಕ್ಕಾ, ನಿನ್ ಹೂವ ಅರಳಿಬಿಟ್ಟೈತೆ!"
ಮುಟ್ಟಿ ನೋಡಿಕೊಂಡೆ. ಬೆರಳಿಗೆ ಎಸಳು, ಬೆಚ್ಚಗೆ.
ತಲೆಯೆತ್ತಿದರೆ ಆಕಾಶದಲ್ಲಿ ಒಂದು ಗೀಟೂ ಇಲ್ಲ.
ಅದೇ ಗಿಡದ ಉಳಿದವು
ಎಲ್ಲೋ ಕಡಲ ಮೇಲೆ,
ಇನ್ನೂ ಮುಷ್ಟಿ ಬಿಟ್ಟಿರಲಿಕ್ಕಿಲ್ಲ.