ಪಾರ್ಕಿಂಗ್ ಕಡೆಯ ಕಿಟಕಿ

ಜಿರಾಫೆ ಕಾಣುವ ಬಾಲ್ಕನಿಗೆ ರಾತ್ರಿಯೊಂದಕ್ಕೆ
ಆರುನೂರ ನಲವತ್ತು ಡಾಲರು.
"ಜಿರಾಫೆಗೆ ಫ್ಲೋರಿಡಾ ತನಕ ಹೋಗಬೇಕೆ,
ಟೊಲೀಡೊ ಝೂನಲ್ಲಿಲ್ಲವೆ?" ಅಂದಳು ಗ್ಲೆಂಡಾ,
ಕನ್ನಡಕ ಹಣೆಗೇರಿಸಿ.

ಕೆರೆದಂಡೆಯ ಹೋಟೆಲಿನಲ್ಲಿ
ಲಿಫ್ಟಿನಿಂದ ಕೋಣೆಗೆ ಅರ್ಧ ಫರ್ಲಾಂಗು;
ನನ್ನ ಎಡಮಂಡಿ ಒಪ್ಪುವುದಿಲ್ಲ.
ಕೋಟೆಯ ಎದುರಿನದರ ಬೆಲೆಗೆ
ಬಸ್ ಡಿಪೋದ ನನ್ನ ಪಿಂಚಣಿ ಕೆಮ್ಮಿತು.
ಎದ್ದುಹೋಗಿ ಕಾಫಿ ಬಗ್ಗಿಸಿಕೊಂಡೆ.
ಇನ್ನೊಂದರಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ
ಕರಡಿವೇಷದವರು ಬಂದು ತಬ್ಬಿಕೊಳ್ಳುತ್ತಾರಂತೆ.
ನಲವತ್ತು ವರ್ಷದಲ್ಲಿ ನಾವೇ ಎಷ್ಟು ಸಲ...
ಹೋಗಲಿ.

ಎಂಬತ್ತೈದರಲ್ಲಿ ಕೋಣೆಗೆ ಕಾಸಿರಲಿಲ್ಲ.
ಅವಳಪ್ಪನ ಹಳದಿ ಡಾಟ್ಸನ್ನಿನ ಸೀಟು ಹಿಂದಕ್ಕೊರಗಿಸಿ
ಅಲ್ಲೇ ಪಾರ್ಕಿಂಗಿನಲ್ಲಿ ಮಲಗಿದ್ದೆವು, ಮದುವೆಯ ಮರುರಾತ್ರಿ.
ಗಾಜಿನ ತುಂಬ ಬಾಣಬಿರುಸು; ಸದ್ದು ಆಮೇಲೆ, ತಡವಾಗಿ.
ಕಾವಲಿನವನು ಟಾರ್ಚು ಬಿಟ್ಟ,
ಅವಳ ಕೂದಲಲ್ಲಿ ಇನ್ನೂ ಸಿಕ್ಕಿಕೊಂಡಿದ್ದ
ಚರ್ಚಿನ ಮೆಟ್ಟಿಲ ಅಕ್ಕಿಕಾಳು ಕಂಡು
ಬೆಳಕನ್ನು ತನ್ನ ಬೂಟಿಗೆ ಇಳಿಸಿ,
ಏನೋ ಹೇಳಲು ಹೋಗಿ, ಹೇಳದೆ ನಡೆದ.

ಫೋನಿನ ಹುಡುಗಿ ಎರಡೆರಡು ಸಲ ಕೇಳಿದಳು:
"ಪಾರ್ಕಿಂಗ್ ಕಡೆಯ ಕಿಟಕಿಯೇ ಬೇಕೆ, ಮೇಡಂ?
ಕಾರು ಬಿಟ್ಟರೆ ಅಲ್ಲೇನೂ ಕಾಣದು."
"ಅದೇ," ಅಂದಳು ಗ್ಲೆಂಡಾ.
"ಕೆಳಮಹಡಿಯಲ್ಲಿರಲಿ ಮತ್ತೆ.
ಇವನ ಮಂಡಿ ಕೈಕೊಟ್ಟಿದೆ."